ನಿಂತ ಕುದುರೆಯನ್ನು ಮಾತನಾಡಿಸಿದ ಡಾಕ್ಟರಕ್ಕ

ನಮ್ಮ ಬೆಟ್ಟಸೀಮೆಯಲ್ಲಿ ಮನಸ್ಸಿನ ಕಾಯಿಲೆಗೆ ಎರಡೇ ಮದ್ದಿದ್ದ ಕಾಲವೊಂದಿತ್ತು. ರೋಗಿಯ ಬಾಯಿ ಮುಚ್ಚಿಸುವುದು ಒಂದು, ಅವನನ್ನು ಕೂಡಿಹಾಕಿ ಬಾಗಿಲು ಮುಚ್ಚುವುದು ಇನ್ನೊಂದು. ಆ ಕಾಲದಲ್ಲಿ ನಾರಿನ್ ಪಟ್ಟಣಕ್ಕೆ ಅಂಚೆಯ ಲಾರಿಯಲ್ಲಿ ಬಂದಿಳಿದು, ನದಿಯ ಮೇಲ್ದಂಡೆಯ ಚಿಕಿತ್ಸಾಲಯದಲ್ಲಿ ನಲವತ್ತು ವರ್ಷ ಒಂದೇ ಸಮನೆ ದುಡಿದ ಡಾ. ಜೂರಾಕಾನ್ ಬೈಸಾಲೊವಾ ಅವರು ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ತಲೆಗೆ ತಂತಿ ಅಂಟಿಸಿ, ಮಿದುಳಿನ ಅಲೆಗಳನ್ನು ತೆರೆಯ ಮೇಲೆ ತೋರಿಸಿ, ರೋಗಿಯೇ ಅವುಗಳನ್ನು ಪಳಗಿಸಿಕೊಳ್ಳಲು ಕಲಿಸುವ ನ್ಯೂರೋಫೀಡ್‌ಬ್ಯಾಕ್ ಇಂದು ದೊಡ್ಡ ಊರುಗಳಲ್ಲೆಲ್ಲ ಇದೆ. ಮಾತನಾಡಿಸಿಯೇ ಗುಣಪಡಿಸುವ ನುರಿತವರೂ ಅಲ್ಲಲ್ಲಿ ಇದ್ದಾರೆ. ಆದರೆ ಯಂತ್ರವನ್ನೂ ಮಾತನ್ನೂ ಒಂದೇ ಕೋಣೆಯಲ್ಲಿ, ಒಂದೇ ಗಂಟೆಯಲ್ಲಿ, ಒಂದಕ್ಕೊಂದು ಊರುಗೋಲಾಗುವಂತೆ ಕೂಡಿಸಿದವರು ನಮ್ಮ ಕಡೆ ಯಾರೆಂದು ಕೇಳಿದರೆ ಮೊದಲು ಬರುವ ಹೆಸರು ಅವರದೇ.

ಅವರಿಗೆ ಅರ್ಪಿಸುವ ಈ ಅಭಿನಂದನ ಗ್ರಂಥದ ಮೊದಲ ಲೇಖನವನ್ನು ಚಿಕಿತ್ಸಾಲಯದ ಯಂತ್ರದ ಕೋಣೆಗೆ ಈಗ ಮುಖ್ಯಸ್ಥನಾಗಿರುವ ಮೆದೆತ್ ಸಾದಿಕೊವ್ ಬರೆಯಬೇಕೆಂದು ಸಂಪಾದಕ ಸಮಿತಿ ಗೊತ್ತುಮಾಡಿತು. ಹಾಗೆ ಗೊತ್ತುಮಾಡಿದವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ, ಅದನ್ನು ನೇರವಾಗಿ ಹೇಳುವ ಬಾಯಿ ಮೆದೆತ್‌ಗೂ ಇರಲಿಲ್ಲ. ಬಾಯಿ ಬಾರದ ರೋಗಿಗಳಿಗೆ ಡಾಕ್ಟರಕ್ಕ ಮೊದಲ ದಿನ ಹೇಳುವ ಮಾತು ಹೀಗಿದೆ: "ನಿನ್ನ ಕಥೆ ನಂಗೆ ಬೇಡ. ಒಬ್ಬ ಇದ್ದ ಅನ್ನು. ಅವನಿಗೆ ಏನಾಯ್ತು, ಅವನು ಏನ್ಮಾಡ್ದ, ಅದನ್ನ ಹೇಳು. ಧೈರ್ಯ ಬಂದ ದಿನ ಅವನನ್ನ 'ನಾನು' ಅಂತ ಕರೆದ್ರಾಯ್ತು." ಆದ್ದರಿಂದ ಈ ಲೇಖನದಲ್ಲಿಯೂ ಮೆದೆತ್ ಎಂಬೊಬ್ಬ ಇದ್ದಾನೆ. ಅವನು ಯಾರೆಂಬುದರಲ್ಲಿ ಒಗಟೇನೂ ಇಲ್ಲ, ನಾಚಿಕೆ ಮಾತ್ರ ಇದೆ.

ಡಾಕ್ಟರಕ್ಕ ಬಂದಾಗ ವಾರ್ಡಿನಲ್ಲಿ ಮೂವತ್ತು ಮಂಚಗಳೂ ಕಿಟಕಿಗಳಿಗೆ ಕಬ್ಬಿಣದ ಸರಳುಗಳೂ ಇದ್ದವಂತೆ. ಅವರು ಮೇಲಧಿಕಾರಿಗಳಲ್ಲಿ ಮೊದಲು ಬೇಡಿದ್ದು ಔಷಧವನ್ನಲ್ಲ, ಚಹಾ ಕಾಯಿಸುವ ಒಂದು ದೊಡ್ಡ ಸಮೋವರನ್ನು. ದೇಶ ಒಡೆದು ಸಂಬಳವೂ ಕಲ್ಲಿದ್ದಲೂ ನಿಂತುಹೋದ ಚಳಿಗಾಲಗಳಲ್ಲಿ ರೋಗಿಗಳ ಮನೆಯವರಿಂದ ಬೆರಣಿ ತರಿಸಿ ವಾರ್ಡಿನ ಒಲೆ ಆರದಂತೆ ನೋಡಿಕೊಂಡರು. ಬೇಸಿಗೆಯಲ್ಲಿ ಕುರಿಗಾಹಿಗಳು ಮೇಲಿನ ಹುಲ್ಲುಗಾವಲಿಗೆ ಹೋದರೆ ತಾವೂ ಕುದುರೆ ಹತ್ತಿ ಹೋಗಿ, ಹುಳಿಸಿದ ಕುದುರೆ ಹಾಲಿನ ಕುಮಿಸ್ ಕುಡಿಯುತ್ತ, ಬಿಡಾರದ ಹೊರಗೆ ಕೂತು ರೋಗಿಗಳನ್ನು ಕಂಡುಬರುತ್ತಿದ್ದರು.

ಮೆದೆತ್ ಯಂತ್ರಗಳ ಕೆಲಸಗಾರನಾಗಿ ಅಲ್ಲಿಗೆ ಸೇರಿದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ. ಆ ವರ್ಷ ಅವನ ತಂದೆ ತೀರಿಕೊಂಡರು. ತಾಯಿ ಗೋಡೆಗೆ ಮುಖಮಾಡಿ ಕೂತುಬಿಟ್ಟರು, ಒಂದು ಮಾತಿಲ್ಲ. ಹೇಳಿಕೊಳ್ಳಲು ಅವನಿಗೆ ಸಂಕೋಚ. ಹೇಗೋ ತಿಳಿದ ಡಾಕ್ಟರಕ್ಕ ಪ್ರತಿ ಶುಕ್ರವಾರ ಮಧ್ಯಾಹ್ನ ಅವನ ಮನೆಗೆ ಬಂದು, ಅಂಗಿಯ ತೋಳು ಮೇಲಕ್ಕೆ ಮಡಿಸಿ, ಆ ತಾಯಿಯ ಪಕ್ಕದಲ್ಲೇ ಹಿಟ್ಟು ನಾದುತ್ತ ಕೂರುತ್ತಿದ್ದರು. ಒಂಬತ್ತನೆಯ ಶುಕ್ರವಾರ ತಾಯಿ ಹಿಟ್ಟಿನ ಚೂರೊಂದನ್ನು ನಾಲಗೆಗೆ ತಾಗಿಸಿ ಹೇಳಿದರು: "ಉಪ್ಪು ಸಾಲದು."

ಡಾಕ್ಟರಕ್ಕ ತಲೆಯೆತ್ತದೆಯೇ ಹೇಳಿದರು: "ನೀವೇ ಹಾಕಿ ಅಕ್ಕಾ. ನನ್ನ ಕೈಲಿ ಯಾವತ್ತೂ ಸರಿಯಾಗಲ್ಲ."

ಮೆದೆತ್ ಹೊರಗೆ ಹೋಗಿ ಸೌದೆ ಕೊಟ್ಟಿಗೆಯಲ್ಲಿ ಅತ್ತ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಅವನು ಮುಂದೆ ಮಾಡಿದ್ದನ್ನು ಓದುವಾಗ ಈ ಉಪ್ಪಿನ ಮಾತು ಓದುಗರಿಗೆ ನೆನಪಿರಲಿ.

ಎರಡು ಸಾವಿರದ ಆರರಲ್ಲಿ ಮಿದುಳಿನ ಅಲೆ ತೋರಿಸುವ ಯಂತ್ರ ಬಂತು. ಮನಸ್ಸು ತಿಳಿಯಾದಾಗ ತೆರೆಯ ಮೇಲೊಂದು ವಿಮಾನ ಹಾರುತ್ತಿತ್ತು. ಡಾಕ್ಟರಕ್ಕ ಎರಡು ದಿನ ನೋಡಿದರು.

"ವಿಮಾನ ಹತ್ತಿದೋರು ಯಾರಿದ್ದಾರೋ ಇಲ್ಲಿ? ಕುದುರೆ ಮಾಡ್ಕೊಡು."

ಮೆದೆತ್ ಎರಡು ತಿಂಗಳು ಗುದ್ದಾಡಿ ಒಂದು ಪ್ರಾಣಿಯನ್ನು ಓಡಿಸಿದ.

"ಇದೇನೋ ಇದು, ಕುದುರೇನೋ ಕತ್ತೇನೋ?"

"ನೋಡೋಕೆ ಹಾಗಿದೆ ಅಕ್ಕ. ಆದ್ರೆ ಚೆನ್ನಾಗಿ ಓಡುತ್ತೆ."

"ನಿನ್ನ ಥರಾನೇ ಅನ್ನು," ಎಂದು ಅವರು ನಕ್ಕ ನಗೆ ಕಾರಿಡಾರಿನ ಆ ತುದಿಗೂ ಕೇಳಿಸಿತು.

ಬೇರೆ ಕಡೆಯ ವೈದ್ಯರಿಗೆ ತೆರೆಯ ಮೇಲಿನದು ಓಡಿದರೆ ಅದೇ ಚಿಕಿತ್ಸೆಯಾಗಿತ್ತು. ಡಾಕ್ಟರಕ್ಕನ ದಾರಿಯೇ ಬೇರೆ. ಮೊದಲ ಅರ್ಧ ಗಂಟೆ ರೋಗಿ ಸುಮ್ಮನೆ ಕೂತು ಕುದುರೆ ಓಡಿಸಲು ಕಲಿಯಬೇಕು. ಆಮೇಲೆ ತಂತಿ ತೆಗೆಯದೆಯೇ ಮಾತು. ಮಾತನಾಡುವಾಗ ದವಡೆ ಅಲುಗಿ ಅಲೆಗಳೆಲ್ಲ ಕಲಸಿಹೋಗುವುದರಿಂದ ಅವರು ರೋಗಿಯಿಂದ ಒಂದು ವಾಕ್ಯ ಹೇಳಿಸಿ, ಬಾಯಿ ಮುಚ್ಚಿ ಕೂರಿಸಿ, ತೆರೆಯನ್ನು ನೋಡುತ್ತಿದ್ದರು. ಕುದುರೆ ಓಡಿದರೆ ಮುಂದಿನ ವಾಕ್ಯ. ನಿಂತರೆ ಅಲ್ಲೇ ಬೀಡು. "ಓಡೋ ಕುದುರೆ ನೋಡಿ ಖುಷಿಪಡೋಕೆ ಪಂದ್ಯಕ್ಕೆ ಹೋಗ್ಬೇಕು. ನಂಗೆ ನಿಂತಿರೋ ಕುದುರೆ ಬೇಕು. ಅದು ಎಲ್ಲಿ ನಿಲ್ಲುತ್ತೋ ಅಲ್ಲೇನೋ ಹೂತಿದೆ" ಎನ್ನುತ್ತಿದ್ದರು. ಯಂತ್ರ ಮನಸ್ಸನ್ನು ಹದಮಾಡಿ ಜಾಗ ತೋರಿಸುತ್ತಿತ್ತು, ಮಾತು ಅಗೆಯುತ್ತಿತ್ತು. ಹೀಗೆ ಎದ್ದು ನಡೆದುಹೋದವರು ಈ ಪಟ್ಟಣದ ಪ್ರತಿ ಬೀದಿಯಲ್ಲೂ ಇದ್ದಾರೆ.

ಎರಡು ಸಾವಿರದ ಹನ್ನೆರಡರ ಶರತ್ಕಾಲದಲ್ಲಿ ಶೈರ್‌ಬೆಕ್ ಎಂಬ ವ್ಯಾನ್ ಚಾಲಕ ಬಂದ. ಆ ವಸಂತದಲ್ಲಿ ದೊಲೊನ್ ಘಟ್ಟದ ತಿರುವೊಂದರಲ್ಲಿ ಅವನ ವ್ಯಾನು ಮಗುಚಿ, ಪಕ್ಕದ ಸೀಟಿನಲ್ಲಿದ್ದ ಮುದುಕಿ ಹಿಮದಡಿ ತೀರಿಕೊಂಡಿದ್ದರು. ತಪ್ಪು ಅವನದಲ್ಲವೆಂದು ಪೊಲೀಸರು ಬರೆದುಕೊಟ್ಟರೂ ಅವನಿಗೆ ನಿದ್ದೆಯಿಲ್ಲ, ಸ್ಟೀರಿಂಗ್ ಮುಟ್ಟಿದರೆ ಕೈ ಕಟ್ಟಿಹೋಗುತ್ತಿತ್ತು. "ಒಬ್ಬ ಡ್ರೈವರ್ ಇದ್ದ," ಎಂದು ಶುರುಮಾಡಿ ಪ್ರತಿಸಲ ಅದೇ ತಿರುವಿಗೆ ಬರುತ್ತಿದ್ದ. "ಮುದುಕಿ ಅವನಿಗೆ ಏನೋ ಹೇಳ್ದಳು," ಎನ್ನುತ್ತಿದ್ದ. ಕುದುರೆ ನಿಲ್ಲುತ್ತಿತ್ತು. ಅವನೂ ನಿಲ್ಲುತ್ತಿದ್ದ. ಹದಿನಾಲ್ಕು ಸಲ ಹೀಗಾಯಿತು. ಡಾಕ್ಟರಕ್ಕ ಕಾಯುತ್ತಿದ್ದರು.

ಆಗಲೇ ರಾಜಧಾನಿಯಿಂದ ಮೂವರ ಸಮಿತಿ ಬರುವ ಸುದ್ದಿ ಬಂತು. ಈ ಪದ್ಧತಿ ಬೇರೆ ಪ್ರಾಂತ್ಯಗಳಿಗೂ ಹೋಗಬೇಕೇ ಬೇಡವೇ ಎಂದು ಅವರು ಒಂದು ಬೈಠಕ್ಕನ್ನು ಕಣ್ಣಾರೆ ನೋಡಿ ಹೇಳುವವರಿದ್ದರು. ಅವರು ನೋಡಲಿದ್ದ ಗುರುವಾರದ ಸರದಿ ಶೈರ್‌ಬೆಕ್‌ನದು. ಊರಿಗೆ ಊರೇ ಸಡಗರಪಟ್ಟಿತು. ಕುರಿ ಕಡಿದರು, ಹೊಸ ಕಂಬಳಿ ಹಾಸಿದರು, ಅತಿಥಿಗಳಲ್ಲಿ ಹಿರಿಯರಿಗೆ ಕುರಿಯ ತಲೆಯನ್ನಿಟ್ಟು ಗೌರವಿಸಿದರು. ನಮ್ಮವರು ಹಸಿವು ತಡೆದಾರು, ಅತಿಥಿಯ ಮುಂದೆ ನಾಚಿಕೆಗೇಡಾಗುವುದನ್ನು ತಡೆಯಲಾರರು. ಅಂಥವರ ಎದುರು ಕುದುರೆ ನಿಂತುಬಿಟ್ಟರೆ ಡಾಕ್ಟರಕ್ಕನ ಮಾನವೇನು ಎಂದು ಮೆದೆತ್ ಲೆಕ್ಕ ಹಾಕಿದ. ಕುದುರೆ ಓಡಲು ಮನಸ್ಸು ಎಷ್ಟು ತಿಳಿಯಾಗಿರಬೇಕೆಂಬುದಕ್ಕೆ ಯಂತ್ರದಲ್ಲಿ ಒಂದು ಮಿತಿಯಿರುತ್ತದೆ. ಯಾರನ್ನೂ ಕೇಳದೆ ಅದನ್ನು ಇಳಿಸಿದ. ಎಷ್ಟು ಇಳಿಸಿದನೆಂದರೆ, ಆ ಕುರ್ಚಿಯಲ್ಲಿ ಒದ್ದಾಡುವ ಕೋಳಿಯನ್ನು ಕಟ್ಟಿದ್ದರೂ ಕುದುರೆ ಓಡುತ್ತಿತ್ತು.

ಗುರುವಾರ ಹನ್ನೊಂದು ಗಂಟೆಗೆ ಕುದುರೆ ಓಡಿತು. ತಿರುವು ಬಂದರೂ ನಿಲ್ಲಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು. ಡಾಕ್ಟರಕ್ಕ ಒಂದು ಕ್ಷಣ ಹುಬ್ಬುಗಂಟಿಕ್ಕಿ ಮೆದೆತ್‌ನ ಕಡೆ ನೋಡಿದರು. ಅವನು ನಕ್ಕ. ಆ ನಗೆಯನ್ನು ನಂಬಿ ಅವರೂ ನಕ್ಕರು. ಶೈರ್‌ಬೆಕ್ ಕಣ್ಣೊರೆಸಿಕೊಂಡು ತನ್ನ ತಲೆಯ ಬಿಳಿಯ ಉಣ್ಣೆಟೋಪಿ ಕಲ್ಪಾಕನ್ನು ತೆಗೆದು ಮೆದೆತ್‌ನ ತಲೆಯ ಮೇಲಿಟ್ಟ. ಟೋಪಿ ಹಾಕಿದವನು ಯಾರೆಂದು ಆ ಕೋಣೆಯಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಮೆದೆತ್ ತಿಳಿದಿದ್ದ.

ಸಂಜೆಗೆ ಮಿತಿಯನ್ನು ಮೊದಲಿನಂತೆ ಇಡಬೇಕೆಂದುಕೊಂಡಿದ್ದ. ಇಡಲಿಲ್ಲ. ಮುಂದಿನ ಸಲ ಕುದುರೆ ಏಕೆ ನಿಂತಿತೆಂದು ಕೇಳಿದರೆ ಏನು ಹೇಳುವುದು? ಇನ್ನೂ ಮೂರು ಬೈಠಕ್ಕು ಕುದುರೆ ಓಡಿತು. ನಿಲ್ಲದ ಕುದುರೆಯನ್ನು ಕಂಡು ಡಾಕ್ಟರಕ್ಕ ಆ ಮುದುಕಿ ಹೇಳಿದ್ದೇನೆಂದು ಕೇಳಬೇಕಾದ್ದನ್ನು ಕೇಳದೆ ಬಿಟ್ಟರು. ಶೈರ್‌ಬೆಕ್ ಗುಣವಾದನೆಂದು ಬರೆದು ಕಳುಹಿಸಿದರು.

ಫೆಬ್ರವರಿಯಲ್ಲಿ ಅವನು ಹನ್ನೊಂದು ಜನರನ್ನು ಕೂರಿಸಿಕೊಂಡು ಘಟ್ಟ ಹತ್ತಿದ. ಅದೇ ತಿರುವಿನಲ್ಲಿ ವ್ಯಾನು ನಿಲ್ಲಿಸಿ, ಕೆಳಗಿಳಿದು, ಬರಿಗೈಯಲ್ಲಿ ಹಿಮ ಬಗೆಯತೊಡಗಿದ. ಯಾರು ಎಳೆದರೂ ಏಳಲಿಲ್ಲ. ಹಿಮ ತೆಗೆಯುವ ಗಾಡಿ ಬರುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಜನ ಉಳಿದರು. ಅವನ ಎಡಗೈಯ ಎರಡು ಬೆರಳು ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಮಿತಿ ಇಳಿಸಿದ್ದು ಯಂತ್ರದ ದಾಖಲೆಯಲ್ಲಿ ಸಿಕ್ಕಿತು. ಯಾರು ಇಳಿಸಿದ್ದೆಂದು ಅಧ್ಯಕ್ಷರು ಕೇಳಿದಾಗ ಮೆದೆತ್ ನೆಲಗಂಬಳಿಯ ಕೊಂಬಿನ ಚಿತ್ತಾರ ನೋಡುತ್ತ ನಿಂತ. ಅದರಲ್ಲಿ ಎಷ್ಟು ಸುತ್ತುಗಳಿದ್ದವೆಂದು ಇವತ್ತಿಗೂ ಹೇಳಬಲ್ಲ. ಡಾಕ್ಟರಕ್ಕ ಅವನನ್ನು ನೋಡಿದರು. ಆಮೇಲೆ ಎದ್ದರು.

"ಆ ಕೋಣೆಗೆ ಮುಖ್ಯಸ್ಥೆ ನಾನು. ತೆರೆ ನೋಡಿ ನಂಬಿದವಳೂ ನಾನು. ಹಾಗಂತ ಬರ್ಕೊಳ್ಳಿ."

ಬರೆದುಕೊಂಡರು. ಅವರ ಮುಖ್ಯಸ್ಥೆಯ ಹುದ್ದೆ ಹೋಯಿತು, ಪದ್ಧತಿ ಬೇರೆ ಪ್ರಾಂತ್ಯಗಳಿಗೆ ಹೋಗುವುದು ನಿಂತಿತು, ಕೋಣೆಗೆ ಎರಡು ವರ್ಷ ಬೀಗ ಬಿತ್ತು. ಯಂತ್ರ ತಿದ್ದಿ ಹೆಸರು ಮಾಡಲು ಹೊರಟ ಹೆಂಗಸು ಎಂದು ಪೇಟೆಯಲ್ಲಿ ಆಡಿಕೊಂಡರು. ಮೆದೆತ್ ಆ ಪೇಟೆಯಲ್ಲಿಯೇ ಮಾಂಸ, ಈರುಳ್ಳಿ ಕೊಂಡು ಆ ಮಾತು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದ. ಬೀಗ ತೆಗೆದಾಗ ಕೋಣೆಯ ಹೊಣೆ ಅವನಿಗೇ ಬಂತು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು. ಡಾಕ್ಟರಕ್ಕ ಬಾಯ್ಲರ್ ಪಕ್ಕದ ಕಿರುಕೋಣೆಯಲ್ಲಿ, ತಂತಿ ತೆರೆಗಳಿಲ್ಲದೆ, ಅವನ ಕೈಕೆಳಗೆ, ಒಂದು ಕೊಂಕಿಲ್ಲದೆ ಕೆಲಸ ಮಾಡಿದರು.

ಒಂದು ಮಧ್ಯಾಹ್ನ ಅವರು ಯಂತ್ರದ ಕೋಣೆಗೆ ಬಂದರು. "ಕೂರು. ಹೊಸ ತಂತಿ ಪರೀಕ್ಷೆ ಮಾಡ್ಬೇಕು ಅಂತಿದ್ಯಲ್ಲ," ಎಂದು ಅವನನ್ನೇ ರೋಗಿಯ ಕುರ್ಚಿಯಲ್ಲಿ ಕೂರಿಸಿ ತಂತಿ ಅಂಟಿಸಿದರು. "ಒಬ್ಬ ಇದ್ದ ಅನ್ನು."

"ಒಬ್ಬ ಇದ್ದ," ಎಂದ ಮೆದೆತ್.

ಕುದುರೆ ನಿಂತಿತು. ತೆರೆಯ ಮೇಲೆ ಅದು ನಿಂತೇ ಇತ್ತು, ಕತ್ತೆಯಂಥ ಕಿವಿ ನಿಮಿರಿಸಿಕೊಂಡು. ಬಹಳ ಹೊತ್ತಾದ ಮೇಲೆ ಡಾಕ್ಟರಕ್ಕ ಒಂದೊಂದೇ ತಂತಿ ಬಿಡಿಸಿ, ಅವನ ಹಣೆಗಂಟಿದ ಲೇಪವನ್ನು ತಮ್ಮ ಕರವಸ್ತ್ರದಿಂದ ಒರೆಸಿದರು.

"ಚಾ ಆರಿಹೋಗುತ್ತೆ, ಬಾ. ಅವಸರ ಏನಿಲ್ಲ."

ಅದಾಗಿ ಒಂಬತ್ತು ವರ್ಷ. ಅವರು ಮತ್ತೆ ಕೇಳಲಿಲ್ಲ. ಅವರ ಉಪಕಾರಗಳಲ್ಲಿ ಇದೇ ದೊಡ್ಡದು, ಮೆದೆತ್‌ಗೆ ಹೊರಲಾರದ್ದೂ ಇದೇ.

ಈ ಗ್ರಂಥದಲ್ಲಿ ಅಹಿತಕರ ಪ್ರಸಂಗಗಳು ಬೇಡವೆಂದು ಸಮಿತಿ ಸೂಚಿಸಿತ್ತು. ಮೆದೆತ್ ಅದರಂತೆಯೇ ನಾಲ್ಕು ಪುಟ ಹೊಗಳಿಕೆ ಬರೆದ. ಓದಿದ. ಹರಿದ. ಕಳೆದ ಭಾನುವಾರ ಕಪಾಟಿನಿಂದ ಆ ಕಲ್ಪಾಕನ್ನು ತೆಗೆದುಕೊಂಡು ಶೈರ್‌ಬೆಕ್‌ನ ಮನೆಗೆ ಹೋದ. ಅವನೀಗ ಜೀನು, ಲಗಾಮು ಹೊಲಿದುಕೊಡುತ್ತಾನೆ. ಮೂರೇ ಬೆರಳುಳಿದ ಎಡಗೈಯಲ್ಲಿ ಬಟ್ಟಲು ಹಿಡಿದು ಚಹಾ ಬಗ್ಗಿಸಿಕೊಟ್ಟ. ಮೆದೆತ್ ನಡೆದದ್ದನ್ನೆಲ್ಲ ಹೇಳಿದ. ಶೈರ್‌ಬೆಕ್ ಸೂಜಿಯನ್ನು ಚರ್ಮಕ್ಕೆ ಚುಚ್ಚಿ ನಿಲ್ಲಿಸಿದ.

"ನಂಗೆ ಗೊತ್ತಿತ್ತು ಕಣಪ್ಪ."

"ಏನು ಗೊತ್ತಿತ್ತು?"

"ಕುದುರೆ ಸುಳ್ಳು ಹೇಳ್ತಿದೆ ಅಂತ. ನನ್ನ ಕಾಲು ಗಡಗಡ ನಡುಗ್ತಿತ್ತು, ಅದು ನೋಡಿದ್ರೆ ಮದುವೆ ಮೆರವಣಿಗೆ ಥರ ಓಡ್ತಿತ್ತು. ದೊಡ್ಡೋರು ಚಪ್ಪಾಳೆ ಹೊಡೀತಿದ್ರು. ಅವರ ಮುಂದೆ ಎದ್ದು, ಇಲ್ಲ, ನಂಗೆ ವಾಸಿಯಾಗಿಲ್ಲ ಅಂದಿದ್ರೆ ಡಾಕ್ಟರಕ್ಕನ ಮರ್ಯಾದೆ ಏನಾಗ್ತಿತ್ತು? ಸುಮ್ನಿದ್ದೆ. ನೀನೂ ಸುಮ್ನಿದ್ದೆ. ಇಬ್ರೂ ಸೇರಿ ಅವರ ಮರ್ಯಾದೆ ಉಳಿಸಿದ್ವಲ್ಲ, ನೋಡು ಎಷ್ಟು ಚೆನ್ನಾಗಿ ಉಳಿಸಿದ್ವಿ!"

ಮೆದೆತ್ ಬಟ್ಟಲು ಕೆಳಗಿಟ್ಟ. ಶೈರ್‌ಬೆಕ್ ತಾನಾಗಿಯೇ ಮುಂದುವರಿಸಿದ.

"ಆ ಮುದುಕಿ ಏನಂದ್ರು ಅಂತ ಆಮೇಲೆ ಹೇಳ್ದೆ ಅಕ್ಕಂಗೆ, ಬಾಯ್ಲರ್ ಪಕ್ಕದ ಕೋಣೇಲಿ. ನಿಧಾನಕ್ಕೆ ಹೋಗು ಮಗಾ, ಅಂದ್ರು. ಸುಮ್ನೆ ಕೂತ್ಕೊ ಅಜ್ಜಿ, ಅಂದೆ. ಅಷ್ಟೇ ಮಾತು. ಅದನ್ನ 'ನಾನು ಅಂದೆ' ಅಂತ ಹೇಳೋಕೆ ಎರಡು ವರ್ಷ ಬೇಕಾಯ್ತು. ಹೇಳಿದ್ ದಿನ ಮನೆಗೆ ಹೋಗಿ ಮಲಗಿದವನು ಮಾರನೇ ದಿನ ಮಧ್ಯಾಹ್ನ ಎದ್ದೆ."

ಮೆದೆತ್ ಕಲ್ಪಾಕನ್ನು ಮುಂದಿಟ್ಟ. "ಇದು ನಿಂದು. ಇಟ್ಕೊಳ್ಳೋ ಯೋಗ್ಯತೆ ನಂಗಿಲ್ಲ."

"ಕೊಟ್ಟಿದ್ದು ವಾಪಸ್ ತಗೊಳೋ ಪದ್ಧತಿ ನಮ್ಮನೇಲಿಲ್ಲ. ನನ್ನ ಹತ್ರ ಬಂದು ಅತ್ತಿದ್ದು ಸಾಕು, ನನ್ನ ಬೆರಳೇನೂ ಚಿಗುರಲ್ಲ. ಹೇಳ್ಬೇಕಾದ್ದು ಅವರಿಗೆ. ಅವರ ಹೆಸರು ಎಲ್ಲಿ ಕೆಡ್ತೋ ಅಲ್ಲೇ ಹೇಳು, ಎಲ್ಲರ ಮುಂದೆ. ಬರೀ ತಲೇಲಿ ಹೋಗ್ಬೇಡ, ಇದನ್ನ ಹಾಕ್ಕೊಂಡು ಹೋಗು."

ಇನ್ನು ಮೆದೆತ್‌ನ ಕಥೆ ಸಾಕು.

ಎರಡು ಸಾವಿರದ ಹನ್ನೆರಡರ ನವೆಂಬರಿನಲ್ಲಿ ಯಂತ್ರದ ಮಿತಿಯನ್ನು ಇಳಿಸಿದವನು ನಾನು. ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡವನು ನಾನು. ಮಿತಿ ಇಳಿಸಿದಾಗ ಡಾ. ಜೂರಾಕಾನ್ ಬೈಸಾಲೊವಾ ಅವರಿಗೆ ಅದರ ಸುಳಿವೂ ಇರಲಿಲ್ಲ. ಈ ಮಾತುಗಳನ್ನೇ ಬರೆದು, ನನ್ನ ರಾಜೀನಾಮೆಯನ್ನೂ ಜೊತೆಗಿಟ್ಟು, ಮೇಲಿನವರಿಗೆ ಕಳುಹಿಸಿದ್ದೇನೆ. ಶನಿವಾರದ ಬೀಳ್ಕೊಡುಗೆ ಸಮಾರಂಭದಲ್ಲಿ ಆ ಕಲ್ಪಾಕನ್ನು ತೊಟ್ಟು ಇದನ್ನೇ ಓದುತ್ತೇನೆ. ರಾಜಧಾನಿಯಿಂದ ಈ ಸಲವೂ ಅತಿಥಿಗಳು ಬರುತ್ತಾರೆ, ಬರಲಿ.

ಅಕ್ಕಾ, ನಿಮಗೆ ನೂರು ವರ್ಷ ತುಂಬಲಿ. ನಿಮ್ಮ ಮನೆಯ ಸಮೋವರು ಆರದಿರಲಿ. ನಿವೃತ್ತಿಯಾದ ಮೇಲೂ ಅದರ ಪಕ್ಕದಲ್ಲೇ ಕೂತು ಬಂದವರನ್ನು ಮಾತನಾಡಿಸುತ್ತೀರಂತೆ. ಆ ಕೈಗುಣ ನಮ್ಮ ಮಕ್ಕಳ ಕಾಲಕ್ಕೂ ಉಳಿಯಲಿ. ನಿಮ್ಮ ಮೊದಲ ಸೋಮವಾರದ ಮೊದಲ ಸರದಿಗೆ ನನ್ನ ಹೆಸರು ಬರೆದುಕೊಳ್ಳಿ. ಅವಸರವಿಲ್ಲ ಎಂದಿದ್ದಿರಿ, ನಾನು ಆ ಮಾತನ್ನು ಬಹಳ ದುರುಪಯೋಗ ಮಾಡಿಕೊಂಡೆ. ಆ ಮಧ್ಯಾಹ್ನ ನಿಂತ ಕುದುರೆ ಇನ್ನೂ ಅಲ್ಲೇ ನಿಂತಿದೆ, ಅಕ್ಕಾ. ಈಗ ಕೇಳಿ.