ಮನೆ ಮಾಲಕಿಯ ಮಧ್ಯಾಹ್ನದ ನಿದ್ದೆ

ಡಿಪಾಜಿಟ್ ವಾಪಸ್ ಕೇಳಲು ನಿಂತವಳು ಮನೆ ಮಾಲಕಿಯ ಪಕ್ಕದಲ್ಲೇ ನಿದ್ದೆ ಹೋದದ್ದನ್ನು ಕೇಳಿದ್ದೀರಾ? ನಾನು ಹೋದೆ. ಕಳೆದ ಗುರುವಾರ, ಮಿರಜದಲ್ಲಿ.

ಐದು ವರ್ಷ ಇದ್ದ ಮಾಳಿಗೆ ಮನೆಯನ್ನು ಖಾಲಿ ಮಾಡಿದ್ದೆವು. ಸಾಮಾನು ತುಂಬಿದ ಟೆಂಪೊ ಜೊತೆ ಗಂಡ ಸಾಂಗಲಿಯ ಹೊಸ ಮನೆ ಮುಂದೆ ನಿಂತಿದ್ದ. ಅಲ್ಲಿ ಡಿಪಾಜಿಟ್ ಕಟ್ಟಿದರೆ ಮಾತ್ರ ಕೀಲಿ. ಕಟ್ಟಲು ಇಲ್ಲಿಯ ಮೂವತ್ತು ಸಾವಿರ ಕೈಗೆ ಬರಬೇಕು. (ಬಾಡಿಗೆಯವರ ಬದುಕೇ ಹೀಗೆ. ಒಂದೇ ದುಡ್ಡು ಮನೆಯಿಂದ ಮನೆಗೆ ಓಡಾಡುತ್ತಿರುತ್ತದೆ.)

ಕೆಳಗಿನ ಮನೆಯಲ್ಲೇ ಇದ್ದ ಮಾಲಕಿ ಎಪ್ಪತ್ತರ ಹೆಂಗಸು. ನಾವು ಮರಾಠಿಯಲ್ಲಿ ಚಿಕ್ಕಮ್ಮ ಅನ್ನುವಂತೆ ಮಾವಶಿ ಎನ್ನುತ್ತಿದ್ದೆವು. ಮನೆ ಚೆಕ್ ಮಾಡಲು ಮೆಟ್ಟಿಲು ಹತ್ತಿ ಬಂದರು. ನಲ್ಲಿ ತಿರುಗಿಸಿದರು, ಫ್ಯಾನ್ ಹಾಕಿ ನೋಡಿದರು. ಒಳಕೋಣೆಯಲ್ಲಿ ಮಾತ್ರ ನಿಂತುಬಿಟ್ಟರು. ಅಲ್ಲಿ ಒಂದು ಗೋಡೆಗೆ ನಾನು ತಿಳಿನೀಲಿ ಬಳಿದಿದ್ದೆ.

“ಯಾರನ್ನ ಕೇಳಿ ಹಚ್ಚಿದಿ?”

“ತಪ್ಪಾತ್ರಿ ಮಾವಶಿ.”

ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿತು. ಮಾವಶಿ ಸೆರಗು ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತರು.

“ಇಲ್ಲಿ ಇಷ್ಟ ಗಾಳಿ ಬರ್ತದೇನ?”

“ದಿನಾ ಬರ್ತದ್ರಿ, ಮಧ್ಯಾಹ್ನ ಮೂರಕ್ಕ.”

“ಕೈಯಾಗಿನ ಬಂಗಾರದ ಪಾಟ್ಲಿ ಮಾರಿ ಕಟ್ಟಿಸಿದ ಖೋಲಿ ಇದು. ಕಟ್ಟಿದ ಕೂಡ್ಲೇನ ಬಾಡಿಗಿಗೆ ಕೊಟ್ವಿ. ನಾ ಇಲ್ಲಿ ಒಂದಿನಾನೂ ಕುಂತಿಲ್ಲ ನೋಡು.”

ಹೀಗೆನ್ನುತ್ತಲೇ ತೋಳನ್ನು ತಲೆದಿಂಬು ಮಾಡಿಕೊಂಡು ಒರಗಿದರು. ಎರಡೇ ನಿಮಿಷ. ನಿದ್ದೆ.

ಗಂಡನ ಫೋನ್ ಬಂತು. “ರೊಕ್ಕ ಕೊಟ್ರೇನ?”

“ಮಾವಶಿ ಮಲಗ್ಯಾರ.”

“ಎಬ್ಬಸು ಮತ್ತ.”

ಹೇಗೆ ಎಬ್ಬಿಸುವುದು? ಐದು ವರ್ಷದಲ್ಲಿ ಈಕೆ ಹಗಲು ಹೊತ್ತು ನೆಲಕ್ಕೆ ಬೆನ್ನು ತಾಗಿಸಿದ್ದನ್ನು ನಾನು ನೋಡಿರಲಿಲ್ಲ. ಫೋನ್ ಸೈಲೆಂಟ್ ಮಾಡಿದೆ.

ಗಲ್ಲಿಯಲ್ಲಿ ಯಾರೋ ಹೊಸ ತಂಬೂರಿಗೆ ತಂತಿ ಬಿಗಿಯುತ್ತಿದ್ದರು. ಒಂದೇ ಸ್ವರ, ತುಸು ಮೇಲೆ, ತುಸು ಕೆಳಗೆ. ನೀಲಿ ಗೋಡೆಯ ಮೇಲೆ ಬಿಸಿಲು ನಿಧಾನವಾಗಿ ಸರಿಯುತ್ತಿತ್ತು. ಖಾಲಿ ಕೋಣೆ ಎಷ್ಟು ದೊಡ್ಡದು! ಇಷ್ಟು ವರ್ಷ ನಾವು ಅದನ್ನು ಕಪಾಟು, ಮಂಚದ ಹಿಂದೆ ಮುಚ್ಚಿಟ್ಟಿದ್ದೆವಲ್ಲ ಅನ್ನಿಸಿತು. ಟೆಂಪೊ, ಕೀಲಿ, ಸಾಂಗಲಿ ಎಲ್ಲ ಬೇರೆ ಯಾರದೋ ಚಿಂತೆಯಂತೆ ದೂರ ಹೋದವು. ಮಾವಶಿಯ ಉಸಿರಾಟ ಕೇಳುತ್ತ ನಾನೂ ಒರಗಿದೆ.

“ಏಳವ್ವಾ, ಐದಾತು.”

ಎಬ್ಬಿಸಿದವರು ಮಾವಶಿ. ಮುಖದಲ್ಲಿ ನಾಚಿಕೆ. “ನಾ ಮಲಗಿದ್ದು ಮನ್ಯಾಗ ಯಾರಿಗೂ ಹೇಳಬ್ಯಾಡ.”

ಕೆಳಗೆ ಹೋಗಿ ಇಪ್ಪತ್ತೆಂಟು ಸಾವಿರ ತಂದುಕೊಟ್ಟರು.

“ಗ್ವಾಡಿಗೆ ಮತ್ತ ಬಿಳೀ ಬಣ್ಣ ಹಚ್ಚಸ್ತೀರೇನ್ರಿ?”

“ಇಲ್ಲ, ನೀಲೀನ ಇರ್ಲಿ. ಕೇಳದ ಹಚ್ಚಿದ್ಯಲ್ಲ, ಅದಕ್ಕ ಎರಡ ಸಾವಿರ ಹಿಡದೇನಿ.”

ಹೊಸ ಬಾಡಿಗೆಯವರು ಯಾವಾಗ ಬರುತ್ತಾರೆ ಎಂದು ಕೇಳಿದೆ.

“ಬ್ಯಾಸಗಿ ಮುಗೀಲಿ. ಅಲ್ಲೀತನಕ ಖೋಲಿ ನನಗ ಬೇಕು,” ಎಂದು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕಡಿಮೆ ಬಿದ್ದ ಎರಡು ಸಾವಿರವನ್ನು ಟೆಂಪೊ ಡ್ರೈವರನ ಹತ್ತಿರವೇ ಸಾಲ ಮಾಡಿ ಹೊಸ ಮನೆಯೊಳಗೆ ಕಾಲಿಟ್ಟೆವು.

ಸ್ವಂತ ಮನೆಯವರೇ, ನೀವೇ ಕಟ್ಟಿಸಿ ಒಮ್ಮೆಯೂ ಮಲಗದ ಕೋಣೆ ಯಾವುದು?