ಎಂಜಿನ್ ಜಾರಿದ ಮಧ್ಯಾಹ್ನ

ಆ ದಿನಗಳಲ್ಲಿ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ ಬೆಳೆದ ಮಕ್ಕಳಿಗೆ ನೆಲ ನಡುಗುವುದು ಹೊಸದಾಗಿರಲಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಹೆಂಗಸರು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು, ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದರು. ನನ್ನ ಸೋದರಮಾವ ಅಂಥದೊಂದು ದಿನ ಕೆಳಗಿಳಿದವನು ಜೀವಂತವಾಗಿ ಮೇಲೆ ಬರಲಿಲ್ಲ. ಆಮೇಲೆ ಅಮ್ಮ ಹಟ ಹಿಡಿದು ಅಪ್ಪನ ಗಣಿ ಕೆಲಸ ಬಿಡಿಸಿದಳು. ಅಪ್ಪ ಒಂದು ಹಳೇ ಕಾರು ಕೊಂಡು ಬಂಗಾರಪೇಟೆ ಸ್ಟೇಷನ್ನಿನಿಂದ ಬಾಡಿಗೆ ಓಡಿಸತೊಡಗಿದ. ನಾವು ಗಣಿಯವರ ಲೈನ್ ಮನೆ ಬಿಟ್ಟು, ಎದುರಿಗಿದ್ದ ತಗಡಿನ ಮನೆಗೆ ಬಂದೆವು. ಇನ್ನು ಅಂಜಿಕೆಯಿಲ್ಲ ಎಂದುಕೊಂಡಿದ್ದಳು ಅಮ್ಮ.

ನನಗಾಗ ಎಂಟೋ ಒಂಬತ್ತೋ ವರ್ಷ. ಅವರೆಕಾಯಿ ಕಾಲ. ಬೇತಮಂಗಲದಿಂದ ಬರುವಾಗ ಅಪ್ಪನ ಕಾರಿನ ಎಂಜಿನ್ನನ್ನು ಬಿಗಿದಿದ್ದ ಬೋಲ್ಟು ಮುರಿದು, ಎಂಜಿನ್ನು ಒಂದು ಕಡೆಗೆ ವಾಲಿಕೊಂಡಿತ್ತು. ಅಪ್ಪ ಹೇಗೋ ಕಾರನ್ನು ಮನೆಯವರೆಗೆ ತಂದಿದ್ದ. ಮಾರನೆಯ ಮಧ್ಯಾಹ್ನ ಎಂಜಿನ್ನಿಗೆ ಜಾಕಿ ಕೊಟ್ಟು ಎತ್ತಿ, ಸಂದಿಯಲ್ಲಿ ಕೈಯಿಟ್ಟು ಮುರಿದ ತುಂಡು ತೆಗೆಯಲು ಕೂತ. ಸೀಮೆಎಣ್ಣೆ, ಕರೀ ಆಯಿಲಿನ ವಾಸನೆ. ಅಮ್ಮ ಹೊಸಲಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದಳು. ನಾನು ಪಕ್ಕದಲ್ಲೇ ಅಚ್ಚಿನಕಲ್ಲು ಆಡುತ್ತಿದ್ದೆ.

"ಕೈ ಒಳಿಕ್ಕೆ ಇಕ್ಕಬ್ಯಾಡ ಕಣಯ್ಯಾ," ಅಂದಳು ಅಮ್ಮ.

"ತುಂಡು ಒಳ್ಗೇ ಕಚ್ಕೊಂಡೈತೆ. ಇನ್ನೊಂದೀಟು, ಬಂದ್ಬುಡ್ತದೆ."

ಆಗ ನೆಲ ನಡುಗಿತು. ಹಿಂದೆಂದೂ ಹಾಗೆ ನಡುಗಿದ್ದು ನನಗೆ ನೆನಪಿಲ್ಲ. ಜಾಕಿ ಓರೆಯಾಗಿ ಬಿತ್ತು, ಎಂಜಿನ್ನು ಧಡ್ಡನೆ ಕೂತಿತು. ಅಪ್ಪನ ಬಲಗೈ ಒಳಗೆ ಸಿಕ್ಕಿಕೊಂಡಿತ್ತು.

"ಯಾರಾದ್ರೂ ಬರ್‍ರಪ್ಪೋ!" ಅಮ್ಮ ಚೀರಿದಳು.

ಬೀದಿ ತುಂಬ ಜನ ಓಡುತ್ತಿದ್ದರು. ಎಲ್ಲರ ಮುಖವೂ ಶಾಫ್ಟಿನ ಕಡೆಗೇ. ನಾನು ಓಡಿಹೋಗಿ ಎದುರುಮನೆಯ ತಮಿಳರ ಸೆಲ್ವಿ ಅತ್ತೆಯ ಸೀರೆ ಹಿಡಿದುಕೊಂಡೆ. ಅವಳ ಗಂಡ ಮುತ್ತುಮಾಮ ಆ ಪಾಳಿಯಲ್ಲಿ ಕೆಳಗಿದ್ದ.

"ಅತ್ತೇ, ಅಪ್ಪನ ಕೈ..."

"ಬಿಡು ಕಣ್ಣು, ನಮ್ಮೋರು ಕೆಳ್ಗವ್ರೆ!" ಎಂದು ಸೆರಗು ಕಿತ್ತುಕೊಂಡು ಓಡಿದಳು. ಅವಳು ಅಳುತ್ತಿದ್ದಳು.

ಕ್ಷಣದಲ್ಲಿ ಬೀದಿ ಬರಿದಾಯಿತು. ತಿರುಗಿ ನೋಡಿದರೆ ಅಮ್ಮ ಹಿತ್ತಲಿನಿಂದ ಕಬ್ಬಿಣದ ಗಡಾರಿ ಎಳೆದು ತರುತ್ತಿದ್ದಳು. ಎಂಜಿನ್ನಿನ ಅಡಿಗೆ ಅದನ್ನು ತೂರಿಸಿ ಮೈಭಾರ ಬಿಟ್ಟಳು. ಅಲುಗಲಿಲ್ಲ.

"ಲೇ ರತ್ನಿ, ಬಾರೇ! ನೀನೂ ಜೋತ್ಬೀಳು!"

ನಾನು ಜೋತುಬಿದ್ದೆ. ಕಾಲು ನೆಲ ಬಿಟ್ಟಿತು. ಎಂಜಿನ್ನು ಜಾರಿ ಮತ್ತೆ ಅಪ್ಪನ ಕೈಮೇಲೇ ಕೂತರೆ ಎಂಬ ಹೆದರಿಕೆಗೆ ಕಣ್ಣು ಮುಚ್ಚಿಕೊಂಡೆ. ಕಬ್ಬಿಣ ಕಿರುಗುಟ್ಟಿತು.

"ಎಳ್ಕೊಳ್ಳಯ್ಯಾ!" ಅಮ್ಮನ ಕೂಗು.

ಕಣ್ಣು ಬಿಟ್ಟಾಗ ಅಪ್ಪ ನೆಲದ ಮೇಲಿದ್ದ. ಎರಡು ಬೆರಳು ಜಜ್ಜಿಹೋಗಿದ್ದವು. ಅಮ್ಮ ಸೆರಗು ಹರಿದು ಸುತ್ತಿದಳು. ಬಟ್ಟೆ ಕೆಂಪಾಗುತ್ತಲೇ ಇತ್ತು.

ಆಮೇಲೆ ಬೀದಿಯ ತುದಿಯಲ್ಲಿ ಸೆಲ್ವಿ ಅತ್ತೆ ಕಂಡಳು, ಜೊತೆಗೆ ಮೈಯೆಲ್ಲ ಕೆಸರಾಗಿದ್ದ ಮುತ್ತುಮಾಮ. ಸಾವಿನ ಬಾಯಿಂದ ಮೇಲೆ ಬಂದವನು ತನ್ನ ಮನೆಯ ಹೊಸಲನ್ನೂ ತುಳಿಯದೆ ನಮ್ಮಲ್ಲಿಗೇ ಬಂದಿದ್ದ.

"ವಾಂಗಣ್ಣಾ, ಬಾ, ಆಸ್ಪತ್ರಿಗೆ ಓಗಾನ," ಎಂದು ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು ನಡೆದ. ಸೆಲ್ವಿ ಅತ್ತೆ ನನ್ನನ್ನು ಅಪ್ಪಿಕೊಂಡಳು. "ನಿನ್ನ ಬಿಟ್ಟು ಓಡ್ಬುಟ್ನಲ್ಲಾ ಕಣ್ಣೂ," ಎಂದು ಮತ್ತೆ ಮತ್ತೆ ಅನ್ನುತ್ತಿದ್ದಳು. ಅವತ್ತು ಲೈನಿನ ಒಂದೆರಡು ಮನೆಗಳಲ್ಲಿ ಕತ್ತಲಾದರೂ ಅಳು ನಿಲ್ಲಲಿಲ್ಲ.

ಅಪ್ಪನ ಬೆರಳು ಉಳಿಯಲಿಲ್ಲ, ಅಪ್ಪ ಉಳಿದ. ಗಾಯ ಮಾಯುವವರೆಗೂ ನಮ್ಮ ಊಟ ಎದುರುಮನೆಯಿಂದಲೇ ಬಂತು.

ಈಗ ಗಣಿ ಮುಚ್ಚಿದೆ, ಲೈನಿನವರೆಲ್ಲ ಚದುರಿಹೋಗಿದ್ದಾರೆ. ನಾನು ಬಂಗಾರಪೇಟೆಯಲ್ಲಿ ಒಬ್ಬಳೇ ಇದ್ದೇನೆ. ಈಚೆಗೆ ಬಚ್ಚಲಲ್ಲಿ ಜಾರಿಬಿದ್ದು ಬಹಳ ಹೊತ್ತು ಕೂಗಿದೆ. ಗೋಡೆಯಾಚೆ ಟಿ.ವಿ. ಓಡುತ್ತಿತ್ತು, ಯಾರೋ ನಗುತ್ತಿದ್ದರು. ಕೊನೆಗೆ ಗೋಡೆ ಹಿಡಿದು ನಾನೇ ಎದ್ದೆ. ಆ ಮನೆಯವರ ಹೆಸರೇನೆಂದು ನನಗೂ ಗೊತ್ತಿಲ್ಲ.