ಯಜಮಾನ ಹಾರಿದ ಬೆಳಗು

ಕಳೆದ ಭಾನುವಾರ ಬೆಳಿಗ್ಗೆ ನೆಟ್ಟಣದಲ್ಲಿ, ಅಕ್ಕನ ಮನೆಯ ಟಿವಿಯ ಮುಂದೆ ಕೂತಿದ್ದಾಗ ಒಳಗಿನಿಂದ ದೋಸೆ ಸೀದ ವಾಸನೆ ಬಂತು. ಮೊದಲು ಸಣ್ಣಗೆ, ಆಮೇಲೆ ಮೂಗಿಗೆ ಅಡರುವ ಹಾಗೆ. ಬೇರೆಯವರಾದರೆ ಎದ್ದು ಓಡಿ ಒಲೆ ಆರಿಸುತ್ತಿದ್ದರೋ ಏನೋ. ನಾನು ಕೂತಲ್ಲೇ ಕೂತೆ. ನನಗೆ ಅದು ಭಾವನ ವಾಸನೆ…

ಭಾವ ಅಂದರೆ ಅಕ್ಕನ ಗಂಡ. ನೆಟ್ಟಣದ ರೈಲು ನಿಲ್ದಾಣದ ಎದುರು ಅವರದೊಂದು ಸಣ್ಣ ಹೋಟೆಲು ಇತ್ತು, ಅದರ ಬೆನ್ನಿಗೇ ಮನೆ. ಸುಬ್ರಹ್ಮಣ್ಯಕ್ಕೆ ಹೋಗುವವರು ಬೆಳಗಿನ ಗಾಡಿ ಇಳಿದು, ಜೀಪು ಹತ್ತುವ ಮೊದಲು ಅಲ್ಲಿ ಮುಖ ತೊಳೆದು ತಿಂಡಿ ತಿನ್ನುತ್ತಿದ್ದರು. ಕಾವಲಿಯ ಮುಂದೆ ಭಾವ, ಟೀ ಪಾತ್ರೆಯ ಮುಂದೆ ಅಕ್ಕ. ಗೋಡೆಯಲ್ಲಿ ಒಂದು ಟಿವಿ. ಬೇರೆ ಹೋಟೆಲುಗಳಲ್ಲಿ ಆ ಹೊತ್ತಿಗೆ ಸುಪ್ರಭಾತವೋ ಜ್ಯೋತಿಷ್ಯವೋ ಕೇಳಿಸಿದರೆ ಭಾವನ ಹೋಟೆಲಿನಲ್ಲಿ ಮಾತ್ರ ಅಮೆರಿಕದ ಬಾಸ್ಕೆಟ್‌ಬಾಲ್. ಅಲ್ಲಿ ರಾತ್ರಿ ನಡೆಯುವ ಆ ವೃತ್ತಿಪರ ಲೀಗಿನ ಪಂದ್ಯಗಳು ನಮ್ಮಲ್ಲಿ ದೋಸೆ ಎರೆಯುವ ಹೊತ್ತಿಗೆ ನೇರವಾಗಿ ಬರುತ್ತವೆ. ಚೆಂಡು ಬುಟ್ಟಿಯ ಕಡೆ ಹೋಗುವಾಗ ಭಾವನ ಕಣ್ಣು ಅದರ ಹಿಂದೆ ಹೋಗುತ್ತಿತ್ತು. ದೋಸೆ ಕಾವಲಿಯಲ್ಲೇ ಉಳಿಯುತ್ತಿತ್ತು.

ಸೀದ ದೋಸೆಯನ್ನು ಅವರು ಗಿರಾಕಿಗೆ ಕೊಟ್ಟವರಲ್ಲ. ಒಂದು ಬಟ್ಟಲಿನಲ್ಲಿ ತೆಗೆದಿಟ್ಟು ಕೊನೆಗೆ ತಾವೇ ತಿನ್ನುತ್ತಿದ್ದರು. ಅಕ್ಕ ಬೈದರೆ, "ಶುಗರಿನವನಿಗೆ ಕಹಿಯೇ ಮದ್ದು, ಸುಮ್ನಿರು ಮಾರಾಯ್ತಿ" ಅನ್ನುತ್ತಿದ್ದರು.

ಕಡಬದಲ್ಲಿ ನನ್ನದೊಂದು ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. ಅದರ ಬಾಗಿಲು ತೆಗೆಯುವ ಮೊದಲು ಬೈಕು ಹತ್ತಿ ನೆಟ್ಟಣಕ್ಕೆ ಬಂದು ಪಂದ್ಯ ನೋಡಿ ಹೋಗುವುದು ನನ್ನ ರೂಢಿಯಾಗಿತ್ತು. ನಾನು ಎಲ್ಲಿಯೂ ಹೆಚ್ಚು ಮಾತಾಡುವವನಲ್ಲ. ಭಾವನ ಎದುರು ಮಾತ್ರ ನನಗೂ ಬಾಯಿ ಬರುತ್ತಿತ್ತು. ಹಿಂದಿನ ಆಟಗಾರರು ಮೇಲೋ ಈಗಿನವರು ಮೇಲೋ ಎನ್ನುವುದು ನಮ್ಮಿಬ್ಬರ ಮುಗಿಯದ ಜಗಳ. ಭಾವ ಎಳೆ ಪ್ರಾಯದಲ್ಲಿ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರಂತೆ. ಅದರ ಹಿಂದಿನ ಮೈದಾನದ ಹುಡುಗರ ಜೊತೆ ಈ ಆಟ ಆಡಿ, ಅವರ ಕ್ಯಾಸೆಟ್‌ಗಳಲ್ಲಿ ಹಳೆಯ ಪಂದ್ಯಗಳನ್ನು ನೋಡಿ, ಹುಚ್ಚು ಹಿಡಿಸಿಕೊಂಡು ಊರಿಗೆ ಬಂದವರು. ಹಾಗಾಗಿ ಅವರಿಗೆ ಹಿಂದಿನವರೆಲ್ಲ ದೇವರು.

"ಆಗಿನವರು ಒಂದು ಟೀಮು ಸೇರಿದ್ರೆ ಮುಗೀತು, ಅಲ್ಲೇ ಕೊನೆವರೆಗೆ. ಈಗಿನವರು? ಯಕ್ಷಗಾನದವರು ಮೇಳ ಬದಲಿಸಿದ ಹಾಗೆ ತಿರುಗಾಟಕ್ಕೊಂದು ಟೀಮು!"

"ಸಂಬಳ ಜಾಸ್ತಿ ಕೊಡ್ತೇವೆ ಅಂದ್ರೆ ನೀವು ಹೋಗುದಿಲ್ವಾ ಭಾವ?"

"ನಂಗೆ ಯಾರು ಕೊಡ್ತಾರೆ ಮಾರಾಯ? ಸೀದ ದೋಸೆ ಹುಯ್ಲಿಕ್ಕಾ?"

ನನಗೆ ಇಷ್ಟವಾದವನು ಒಬ್ಬ ಎಳೆಯ ಆಟಗಾರ. ಮೈದಾನದ ನಡುವಿನಿಂದಲೇ ಎಸೆದು ಬುಟ್ಟಿಗೆ ಹಾಕುವವನು. ಭಾವ ಅವನನ್ನು "ನಿನ್ನ ಮಾಣಿ" ಅನ್ನುತ್ತಿದ್ದರು. "ಅಷ್ಟು ದೂರದಿಂದ ಬಿಸಾಡುದು ಆಟವಾ? ಮಾವಿನಕಾಯಿಗೆ ಕಲ್ಲು ಬಿಸಾಡಿದ ಹಾಗೆ!" ನಾನು ಹೇಳುತ್ತಿದ್ದೆ, "ಕಾಯಿ ಬೀಳ್ತದಲ್ಲ ಭಾವ, ಮತ್ತೆಂತ ಬೇಕು ನಿಮಗೆ?"

ಆಡುತ್ತಿದ್ದವರ ಪೈಕಿ ಭಾವನ ಪ್ರೀತಿಗೆ ಪಾತ್ರನಾದವನು ಒಬ್ಬನೇ. ಹಿಂದಿನ ಕಾಲದವನು, ಇನ್ನೂ ಉಳಿದುಕೊಂಡವನು. ಗಡ್ಡ ನರೆತಿತ್ತು. ಅವನಿಗೆ ಭಾವ ಇಟ್ಟ ಹೆಸರು ಯಜಮಾನ. ಒಂದು ಪಂದ್ಯದಲ್ಲಿ ಯಜಮಾನನ ಹಿಮ್ಮಡಿಯ ಮೇಲಿನ ನರ ಹರಿಯಿತು. ಆಪರೇಷನ್ ಆಯಿತು, ಇವನ ಕಥೆ ಮುಗಿಯಿತು ಅಂದರು. ಮುಗಿಯಲಿಲ್ಲ. ಮರುವರ್ಷ ಬಂದ. ಆದರೆ ಮೊದಲಿನಂತೆ ನೆಲ ಬಿಟ್ಟು ಹಾರುವುದನ್ನು ಬಿಟ್ಟಿದ್ದ. ನಿಂತಲ್ಲಿಂದಲೇ ಎಸೆಯುತ್ತಿದ್ದ, ನಿಂತಲ್ಲಿಂದಲೇ ಚೆಂಡು ದಾಟಿಸುತ್ತಿದ್ದ.

ಆ ಬೇಸಗೆಯಲ್ಲೇ ಭಾವನ ಕಾಲಿಗೂ ಬಂತು. ಕಿರುಬೆರಳ ಹತ್ತಿರ ಒಂದು ಸಣ್ಣ ಗಾಯ. ಸಕ್ಕರೆ ಕಾಯಿಲೆಯ ಗಾಯ, ಮಾಗಲಿಲ್ಲ. ಬೆರಳು ಕಪ್ಪಾಯಿತು, ಪಕ್ಕದ್ದಕ್ಕೂ ಹರಡಿತು. ಪುತ್ತೂರಿನ ಡಾಕ್ಟರು ನೋಡಿ, ಎರಡು ಬೆರಳು ತೆಗೆಯಬೇಕು, ಸೋಮವಾರದೊಳಗೆ ಬನ್ನಿ, ತಡ ಮಾಡಿದರೆ ಕಾಲು, ಇನ್ನೂ ತಡ ಮಾಡಿದರೆ ಜೀವ ಎಂದು ಮುಚ್ಚುಮರೆ ಇಲ್ಲದೆ ಹೇಳಿ ಕಳಿಸಿದರು. ಭಾವ ಮನೆಗೆ ಬಂದು ಕಾಲಿಗೆ ಬಟ್ಟೆ ಸುತ್ತಿ, ಸ್ಟೂಲು ಎಳೆದುಕೊಂಡು ಮತ್ತೆ ಕಾವಲಿಯ ಮುಂದೆ ಕೂತುಬಿಟ್ಟರು.

ಅಕ್ಕ ಅತ್ತಳು, ಜಗಳ ಮಾಡಿದಳು. ನಾನು ನನಗೆ ತಿಳಿದಷ್ಟು ಹೇಳಿದೆ. ಅವರದು ಒಂದೇ ಮಾತು. "ಕತ್ತಿ ತಾಗಿದ ಕಾಲು ಮತ್ತೆ ಕಾಲೇ ಅಲ್ಲ. ಯಜಮಾನನನ್ನೇ ನೋಡು. ಅಂಥವನೇ ಹಾರುದಿಲ್ಲ. ನಾನೆಂತ ಮಾಡ್ಲಿ?"

ತಮಾಷೆಯ ಹಾಗೆ ಹೇಳಿದರೂ ಅವರ ಕಣ್ಣಿನಲ್ಲಿ ಹೆದರಿಕೆ ಇತ್ತು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಹೆದರಿದ್ದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗ…

ಅಕ್ಕನಿಗೆ ಆಟದ ಗಂಧಗಾಳಿ ಇಲ್ಲ. ಆದರೆ ಗಂಡನನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತು. ಹೋಟೆಲಿನಲ್ಲಿ ಜನ ತುಂಬಿರುವಾಗಲೇ ಟೀ ಸೋಸುತ್ತ ಕೇಳಿದಳು, "ಹಾಗಾದ್ರೆ ಆ ಯಜಮಾನ ಹಾರಿದ್ರೆ ನೀವು ಹೋಗ್ತೀರಾ?"

ಎಲ್ಲರೂ ಭಾವನ ಮುಖ ನೋಡಿದರು. ಹಿಂದೆ ಸರಿಯುವ ಹಾಗಿರಲಿಲ್ಲ.

"ಹಾರ್ಲಿ. ಹಾರಿ, ಕೊಯ್ದ ಆ ಕಾಲಿನ ಮೇಲೇ ಇಳೀಲಿ. ಆ ದಿನವೇ ಹೊರಡ್ತೇನೆ."

ಯಜಮಾನನ ಟೀಮಿಗೆ ಉಳಿದದ್ದು ಒಂದೇ ಪಂದ್ಯ. ಸೋತರೆ ಆ ವರ್ಷದ ಆಟ ಮುಗಿದಂತೆ. ಅದು ಸೋಮವಾರ ಬೆಳಿಗ್ಗೆ. ಎದುರಾಳಿ ಯಾರು? ನನ್ನ ಮಾಣಿಯ ಟೀಮು!

ಹಿಂದಿನ ಸಂಜೆ ಅಕ್ಕ ಫೋನು ಮಾಡಿದಳು. "ಕೊರಗಜ್ಜ ದೈವಕ್ಕೆ ಚಕ್ಕುಲಿ, ಬೀಡದ ಹರಕೆ ಹೇಳಿಕೊಂಡಿದ್ದೇನೆ."

"ಅಜ್ಜನಿಗೆ ಹೇಳುದು ಕಳೆದುಹೋದದ್ದು ಸಿಗ್ಲಿಕ್ಕಲ್ವಾ ಅಕ್ಕ? ಎಂತ ಕಳೆದುಹೋಗಿದೆ?"

"ಇವರ ಧೈರ್ಯ" ಅಂದಳು. "ಅದು ಆ ಅಮೆರಿಕದವನ ಕಾಲಲ್ಲಿ ಉಂಟಂತೆ. ಆ ಕಾಲಿಗೂ ಸೇರಿಸಿಯೇ ಹೇಳಿದ್ದೇನೆ. ನಾಳೆ ನೀನು ನಿನ್ನ ಮಾಣಿಗೆ ಬೊಬ್ಬೆ ಹೊಡೀಬೇಡ, ಗೊತ್ತಾಯ್ತಾ?"

ಸೋಮವಾರ ನಾನು ಬೆಳಕು ಹರಿಯುವಾಗಲೇ ನೆಟ್ಟಣದಲ್ಲಿದ್ದೆ. ಬೆಂಗಳೂರಿನ ಗಾಡಿ ಘಾಟಿಯಲ್ಲಿ ಎಲ್ಲೋ ನಿಂತು ತಡವಾಗಿತ್ತು. ಹೋಟೆಲಿನಲ್ಲಿ ನಾವು ಮೂವರೇ. ನಾಲ್ಕರಲ್ಲಿ ಮೂರು ಭಾಗ ಆಟ ಮುಗಿದರೂ ಯಜಮಾನ ಹಾರಲಿಲ್ಲ. ಬಂದ ಚೆಂಡನ್ನೆಲ್ಲ ನಿಂತಲ್ಲಿಂದಲೇ ಬೇರೆಯವರಿಗೆ ಕೊಡುತ್ತಿದ್ದ. ನನ್ನ ಮಾಣಿ ದೂರದಿಂದ ಹಾಕಿದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಎಷ್ಟು ವರ್ಷ ಅವನಿಗಾಗಿ ಕೂಗಿದವನು ನಾನು! ಆ ದಿನ ಅವನ ಒಂದೊಂದು ಎಸೆತವೂ ನನ್ನ ಎದೆಗೇ ಬಂದು ಬೀಳುತ್ತಿತ್ತು.

"ನೋಡಿದ್ಯಾ, ಅವನಿಗೂ ಹೆದರಿಕೆ ಉಂಟು" ಅಂದರು ಭಾವ, ಬಟ್ಟೆ ಸುತ್ತಿದ ಕಾಲನ್ನು ನೋಡಿಕೊಳ್ಳುತ್ತ.

ಕೊನೆಯ ಭಾಗ ನಡೆಯುವಾಗ ಗಾಡಿ ಬಂತು. ತಡವಾದ ಗಾಡಿ, ಹಸಿದ ಜನ! ಬ್ಯಾಗು, ಮಕ್ಕಳು, ಮುದುಕಿಯರು ಎಲ್ಲ ಒಟ್ಟಿಗೇ ನುಗ್ಗಿದರು. ಹೊರಗೆ ಜೀಪಿನವನು "ಸುಬ್ರಹ್ಮಣ್ಯ, ಸುಬ್ರಹ್ಮಣ್ಯ!" ಎಂದು ಕೂಗುತ್ತಿದ್ದ. ಒಳಗೆ ಇಡ್ಲಿ, ಟೀ, ದೋಸೆ ಎಂಬ ಗದ್ದಲ. ನಾನು ಅಂಗಿಯ ಕೈ ಮಡಚಿ ಇಡ್ಲಿ ಬಡಿಸಲಿಕ್ಕೆ ನಿಂತೆ, ಕಣ್ಣು ಟಿವಿಯಲ್ಲೇ. ಯಜಮಾನನ ಟೀಮು ಹತ್ತಿರ ಹತ್ತಿರ ಬಂದು ಒಂದೇ ಅಂಕದಷ್ಟು ಹಿಂದೆ ನಿಂತಿತ್ತು. ಗಡಿಯಾರದಲ್ಲಿ ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ.

ಬೆಂಗಳೂರು ಕಡೆಯ ಒಬ್ಬ ಹೆಂಗಸು ಕಾವಲಿ ನೋಡಿ ಕೂಗಿದರು, "ರೀ, ದೋಸೆ ಸೀದ್ಹೋಗ್ತಿದೆ!"

"ಸೀಯ್ಲಿ ಅಮ್ಮ, ದೋಸೆ ಇನ್ನೊಂದು ಹುಯ್ಲಿಕ್ಕಾಗ್ತದೆ. ಅಲ್ಲಿ ಒಬ್ಬ ಮನುಷ್ಯ ಹಾರ್ಲಿಕ್ಕುಂಟು!"

ಆ ಹೆಂಗಸು ತಿರುಗಿ ಟಿವಿ ನೋಡಿದರು. ಅವರ ಹಿಂದೆ ಉಳಿದವರೂ ನೋಡಿದರು. "ನಮ್ಮವ್ರು ಯಾರು?" ಎಂದು ಒಬ್ಬ ಕೇಳಿದ. "ಬಿಳಿ ಅಂಗಿ, ಗಡ್ಡ ನರೆತವ" ಅಂದಳು ಅಕ್ಕ. ಹೊರಗೆ ಕೂಗುತ್ತಿದ್ದ ಜೀಪಿನವನೂ ಒಳಗೆ ಬಂದ.

ಆಗಲೇ ಆಯಿತು. ಯಜಮಾನನ ಕಡೆಯವನ ಕೈಯಿಂದ ಚೆಂಡು ಜಾರಿತು. ನನ್ನ ಮಾಣಿ ಅದನ್ನು ಎತ್ತಿಕೊಂಡು ಓಡಿದ. ಎದುರು ಯಾರೂ ಇಲ್ಲ, ಖಾಲಿ ಬುಟ್ಟಿ. ಹಿಂದಿನಿಂದ ಯಜಮಾನ ಓಡಿ ಬರುತ್ತಿದ್ದ. ಕುಂಟುತ್ತಿದ್ದನೋ ಓಡುತ್ತಿದ್ದನೋ ಹೇಳಲಾರೆ, ಬರುತ್ತಿದ್ದ, ಬಂದೇ ಬಂದ! ಮಾಣಿ ಚೆಂಡನ್ನು ಮೇಲಕ್ಕೆ ಬಿಟ್ಟ. "ಹಾರು ಯಜಮಾನ, ಹಾರು!" ಕೂಗಿದ್ದು ನಾನು. ನನ್ನ ಕೈಯ ಇಡ್ಲಿ ತಟ್ಟೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವನು ಹಾರಿದ. ಎಷ್ಟು ಮೇಲಕ್ಕೆ ಅಂದರೆ, ಕೈ ಬುಟ್ಟಿಯ ಬಳೆಗಿಂತ ಮೇಲಿತ್ತು. ಬುಟ್ಟಿಗೆ ಬೀಳಲಿದ್ದ ಚೆಂಡನ್ನು ಹಿಂದಿನ ಹಲಗೆಗೆ ಫಟ್ಟನೆ ಬಡಿದ. ಬಡಿದು, ಕೊಯ್ದ ಆ ಕಾಲಿನ ಮೇಲೆಯೇ ಇಳಿದು, ಮುಗ್ಗರಿಸಿ, ಕ್ಯಾಮೆರಾದವರ ಮೇಲೆ ಹೋಗಿ ಬಿದ್ದ.

ಹೋಟೆಲಿಗೆ ಹೋಟೆಲೇ ಉಸಿರು ಹಿಡಿದು ನಿಂತಿತು. ಅವನು ಏಳಲಿಲ್ಲ. ಭಾವ ಸ್ಟೂಲಿನಿಂದ ಎದ್ದು, ಗಾಯದ ಕಾಲಿನ ಮೇಲೆ ನಿಂತದ್ದೂ ಗೊತ್ತಿಲ್ಲದೆ ನಿಂತಿದ್ದರು. "ಏಳು ಮಾರಾಯ" ಎಂದು ಮೆಲ್ಲನೆ ಅಂದರು. "ಏಳು…"

ಎದ್ದ. ಕಾಲು ಒಮ್ಮೆ ಕೊಡವಿದ. ನಡೆದ. ಆಮೇಲೆ ಓಡಿದ!

ನಮ್ಮ ಹೋಟೆಲಿನಲ್ಲಿ ಎದ್ದ ಬೊಬ್ಬೆಗೆ ಸ್ಟೇಷನ್ನಿನ ಪೋರ್ಟರು ಓಡಿ ಬಂದ. ಆ ಆಟ ಅಂದರೆ ಏನೆಂದು ಗೊತ್ತಿಲ್ಲದ ಮುದುಕಿಯರೂ ಚಪ್ಪಾಳೆ ಹೊಡೆದರು.

ಪಂದ್ಯ ಏನಾಯಿತು ಅಂತ ಕೇಳಿದರೆ, ಯಜಮಾನನ ಟೀಮು ಸೋತಿತು. ಹಲಗೆಗೆ ಬಡಿದ ಚೆಂಡು ಗೆರೆಯಾಚೆ ಹೋಗಿತ್ತು; ಆಟ ಮತ್ತೆ ಶುರುವಾದಾಗ ಅದು ನನ್ನ ಮಾಣಿಯ ಕೈಗೇ ಸಿಕ್ಕಿ, ಅವನು ದೂರದಿಂದ ಒಂದು ಎಸೆದ. ಮಾವಿನಕಾಯಿ ಬಿತ್ತು.

ಭಾವ ಸಪ್ಪಗೆ ಕೂತರು. "ಸೋತ" ಅಂದರು.

ಅಕ್ಕ ಎದುರು ಬಂದು ನಿಂತಳು. "ಹಾರಿದನಾ?"

"ಹಾರಿದ."

"ಆ ಕಾಲಲ್ಲೇ ಇಳಿದನಾ?"

ಭಾವ ತಮ್ಮ ಕಾಲು ನೋಡಿಕೊಂಡರು. "ಇಳಿದ."

"ಸಾಕು. ಏಳಿ." ಬಟ್ಟೆಯ ಚೀಲವನ್ನು ಅವಳು ಹಿಂದಿನ ದಿನವೇ ತುಂಬಿಸಿಟ್ಟಿದ್ದಳು. ಜೀಪಿನವನಿಗೂ ಹೇಳಿಟ್ಟಿದ್ದಳು. ಅವನು ಒಳಗೆ ಬಂದದ್ದು ಪಂದ್ಯ ನೋಡಲಿಕ್ಕಲ್ಲ, ಭಾವನನ್ನು ಪುತ್ತೂರಿಗೆ ಕರೆದುಕೊಂಡು ಹೋಗಲಿಕ್ಕೆ!

ಭಾವ ಒಂದೇ ಹಟ ಮಾಡಿದರು. ಗಾಡಿಯವರು ಹಸಿದಿದ್ದಾರೆ, ಅವರಿಗೆ ಕೊಟ್ಟು ಹೋಗುವ ಅಂದರು. ಕಡೆಯ ದೋಸೆ ಎರೆದು, ಸಟ್ಟುಗ ನನ್ನ ಕೈಗೆ ಕೊಟ್ಟು ಜೀಪು ಹತ್ತಿದರು. ಹತ್ತಿ ಕೂತ ಮೇಲೆ, "ಗೆದ್ದೆ ಅಂತ ಬೀಗಬೇಡ ಮಾರಾಯ. ಹಾರಿದ್ದು ನನ್ನವ" ಅಂದರು.

ಬೆರಳು ಎರಡು ಹೋದವು, ಕಾಲು ಉಳಿಯಿತು. ಮಳೆಗಾಲ ಕಳೆಯುವಾಗ ಅವರು ಮತ್ತೆ ಕಾವಲಿಯ ಮುಂದೆ ನಿಂತಿದ್ದರು. ಸ್ಟೂಲು ಇಲ್ಲದೆ. ಅಜ್ಜನ ಕಟ್ಟೆಯಲ್ಲಿ ಹರಕೆ ತೀರಿಸುವಾಗ ಪ್ರಾರ್ಥನೆ ಮಾಡುವವರು ಯಾರ ಹೆಸರಿನಲ್ಲಿ ಎಂದು ಕೇಳಿದರೆ ಅಕ್ಕ, "ಇಬ್ಬರದ್ದು. ಒಬ್ಬರು ನನ್ನ ಯಜಮಾನರು, ಇನ್ನೊಬ್ಬರು ಇವರ ಯಜಮಾನರು" ಅಂದಳು. ಭಾವ ನಕ್ಕೂ ನಕ್ಕೂ ಸಾಕಾಗಿ ಅಲ್ಲೇ ಕಟ್ಟೆಯಲ್ಲಿ ಕೂತರು.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಅವರು ದೋಸೆ ಸೀಯಿಸಿದರು. ಯಜಮಾನ ಆಟ ಬಿಟ್ಟ. ಅವನು ಬಿಟ್ಟ ದಿನ ಭಾವ ಟಿವಿ ಹಾಕಲಿಲ್ಲ. ಮರುದಿನ ಹಾಕಿ, "ಇನ್ನು ನಿನ್ನ ಮಾಣಿಯೇ ಗತಿ. ಅವನಿಗೂ ಪ್ರಾಯ ಆಗ್ತದೆ, ಆಗ ನೋಡುವ" ಅಂದರು.

ನೋಡಲಿಕ್ಕೆ ಅವರು ಇರಲಿಲ್ಲ. ಹೋದ ವರ್ಷ ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಕಾವಲಿ ತೊಳೆಯುತ್ತಿದ್ದವರು ಎದೆ ಹಿಡಿದು ಕೂತರು, ಮತ್ತೆ ಏಳಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ… ಹೋಟೆಲು ಈಗ ಮುಚ್ಚಿದೆ. ಅಕ್ಕ ಅದರ ಹಿಂದಿನ ಮನೆಯಲ್ಲಿದ್ದಾಳೆ. ಭಾನುವಾರ ನಾನು ಹೋಗುತ್ತೇನೆ. ಟಿವಿ ಹಾಕುತ್ತೇನೆ.

ಆ ಭಾನುವಾರವೂ ಹಾಗೆಯೇ ಹಾಕಿದ್ದೆ. ನನ್ನ ಮಾಣಿಗೂ ಈಗ ಗಡ್ಡ ನರೆತಿದೆ. ಮೊಣಕಾಲು ಕೊಯ್ಸಿಕೊಂಡು ವರ್ಷವಿಡೀ ಹೊರಗಿದ್ದವನು ಅಂದು ಮರಳಿ ಬಂದಿದ್ದ. ಹಾರುತ್ತಿರಲಿಲ್ಲ. ನಿಂತಲ್ಲಿಂದಲೇ ಎಸೆಯುತ್ತಿದ್ದ. ಆಗಲೇ ಒಳಗಿನಿಂದ ಆ ವಾಸನೆ ಬಂದದ್ದು.

ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಸಟ್ಟುಗ ಹಿಡಿದು ಅಕ್ಕ ನಿಂತಿದ್ದಳು. ಕಣ್ಣು ಟಿವಿಯಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹಾರಿದನಾ?" ಎಂದು ಕೇಳಿದಳು.

"ಇಲ್ಲ ಅಕ್ಕ, ಇನ್ನೂ ಇಲ್ಲ."

"ಹಾರ್ತಾನೆ. ಚಕ್ಕುಲಿ ಹೇಳಿದ್ದೇನೆ."

ಕೊನೆಗೆ ಹಾರಿದ. ಆಹಾ, ಹಾರಿದ! ಇಬ್ಬರ ತಲೆಯ ಮೇಲಿನಿಂದ ಹೋಗಿ ಚೆಂಡನ್ನು ಬುಟ್ಟಿಗೆ ಬಡಿದು, ಎರಡೂ ಕಾಲಿನ ಮೇಲೆ ನೆಟ್ಟಗೆ ಇಳಿದ. ನಾನು ಕುರ್ಚಿಯಿಂದ ಹಾರಿ ಎದ್ದು, "ನೋಡಿದ್ರಾ ಭಾವ!" ಎಂದು ಎಡಕ್ಕೆ ತಿರುಗಿದೆ. ಅಲ್ಲಿ ಹೋಟೆಲಿನ ಆ ಸ್ಟೂಲು ಮಾತ್ರ ಇತ್ತು…

ಅಕ್ಕ ಒಳಗೆ ಹೋಗಿ ಒಲೆ ಆರಿಸಿದಳು. ಕಾವಲಿ ಕೆರೆಯುವ ಸದ್ದು ಕೇಳಿಸಿತು. ಸೀದ ದೋಸೆಯನ್ನು ಅವಳು ಬಿಸಾಡಲಿಲ್ಲ. ಆ ಹಳೆಯ ಬಟ್ಟಲಿಗೆ ಹಾಕಿ ತಂದು ನನ್ನ ಮುಂದಿಟ್ಟಳು. ಅರ್ಧ ಮುರಿದು ತಾನು ತೆಗೆದುಕೊಂಡಳು. ಭಾವನ ಪಾಲನ್ನು ನಾವಿಬ್ಬರೂ ತಿಂದೆವು. ತುಂಬ ಕಹಿ ಇತ್ತು. ಪಂದ್ಯ ಇನ್ನೂ ನಡೆಯುತ್ತಿತ್ತು.